ಐನೂರಕ್ಕೆ ಒಂದು

ಎಲ್ಲ ರಗಳೆಗೂ ಕಾರಣ ಹೆಬ್ಬೆರಳಿನಷ್ಟು ಅಗಲದ ಒಂದು ಬೆಳ್ಳಿಬಣ್ಣದ ಚೀಟಿ. ಕೊಟ್ಟಿಗೆಹಾರದ ಪಂಚಮಿ ಸ್ಟುಡಿಯೋದ ಹೊಸ ಮಾನಿಟರಿನ ಮೂಲೆಯಲ್ಲಿ ಅದು ಅಂಟಿಕೊಂಡಿತ್ತು. ‘ಕಾಂಟ್ರಾಸ್ಟ್ 500:1’ ಎಂದು ಅದರ ಮೇಲೆ ಅಚ್ಚಾಗಿತ್ತು. ಅಂದರೆ ಈ ಪರದೆಯ ಬಿಳಿ ಅದರ ಕಪ್ಪಿಗಿಂತ ಐನೂರು ಪಟ್ಟು ಹೆಚ್ಚು ಬೆಳಗುತ್ತದೆ ಎಂದು ಅದನ್ನು ಮಾಡಿದವರ ಮಾತು. ಸ್ಟುಡಿಯೋದ ಮಾಲೀಕ ದಾಮೋದರ ಇಷ್ಟು ದಿನ ಮಾನಿಟರನ್ನು ಒರೆಸುವಾಗ ಆ ಚೀಟಿಗೆ ಬಟ್ಟೆ ತಾಗದಂತೆ ಸುತ್ತು ಹಾಕಿ ಒರೆಸುತ್ತಿದ್ದ. ಅವತ್ತು ಬೆಳಿಗ್ಗೆ ಮಾತ್ರ ಅದನ್ನು ಉಗುರಿನಿಂದ ಕೆರೆದು ಹಾಕುವಷ್ಟು ಸಿಟ್ಟು ಬಂದಿತ್ತು.

ಸಿಟ್ಟನ್ನು ಹೊತ್ತು ತಂದವರು ಎಸ್ಟೇಟಿನ ಬೆಳ್ಳಿಯಪ್ಪನವರು. ಮಗಳು ಧನ್ಯಾಳ ಮದುವೆಯ ಆಲ್ಬಮ್ಮನ್ನು ಅವರು ಕೌಂಟರಿನ ಮೇಲೆ ಎತ್ತಿ ಹಾಕಿದ ರಭಸಕ್ಕೆ ಗಾಜು ಒಡೆಯದೆ ಉಳಿದದ್ದೇ ಹೆಚ್ಚು.

“ಇದು ಎಂತ ಮಾರಾಯ?”

“ಆಲ್ಬಮ್ಮು ಸಾರ್.”

“ಅದು ನನಗೂ ಗೊತ್ತು. ಇದ್ರಲ್ಲಿ ಧಾರೆ ಸೀರೆ ಉಟ್ಕೊಂಡು ಕೂತಿರೋ ಅಜ್ಜಿ ಯಾರು?”

ದಾಮೋದರ ಬಗ್ಗಿ ನೋಡಿದ. “ಅದು... ಧನ್ಯಾ ಅವ್ರು.”

“ನೀನೇ ಹೇಳಿದ್ಯಲ್ಲ, ಸಾಕು. ತಲೆಗೂದಲು ನೋಡು, ಬೂದಿ ಸುರಿದಂಗಿದೆ. ಅಳಿಯನ ಕರಿ ಕೋಟು ಗೋಣಿಚೀಲ ಆಗಿದೆ. ಛತ್ರದ ಒಳಗೆ ಮಂಜು ಬಿದ್ದಿತ್ತಾ ಅಂತ ನನ್ನ ಹೆಂಡ್ತಿ ವಿಮಲ ಕೇಳ್ತಾಳೆ. ನಾನು ಎಂತ ಹೇಳ್ಲಿ?”

“ನನ್ನ ತಪ್ಪಲ್ಲ ಸಾರ್!” ದಾಮೋದರ ತಿರುಗಿ ಮಾನಿಟರಿನತ್ತ ಬೆರಳು ಚಾಚಿದ. “ಇದರದ್ದು! ಇದರಲ್ಲಿ ಕಪ್ಪು ಅನ್ನೋದು ಕಪ್ಪಾಗಿ ಬರೋದೇ ಇಲ್ಲ. ಮುದಿ ಕಾಗೆ ಬಣ್ಣ. ಇದನ್ನ ನಂಬಿ ಫೋಟೋ ಸರಿ ಮಾಡಿದ್ದಕ್ಕೆ ಹಿಂಗಾಯ್ತು. ಮೂಡಿಗೆರೆಯ ದಿಲೀಪ ನನಗೆ ಮೋಸದ ಮಾಲು ಕೊಟ್ಟಿದಾನೆ.”

“ಕೆಲಸದವನು ಕತ್ತಿ ಮೊಂಡು ಅಂತಾನೆ, ನೀನು ಮಾನಿಟರ್ ಅಂತೀಯ,” ಎಂದರು ಬೆಳ್ಳಿಯಪ್ಪನವರು. “ಶ್ರಾವಣದಲ್ಲಿ ಮಗ ಅಜಿತನ ಮದುವೆ. ಫೋಟೋದವರನ್ನ ಗೊತ್ತು ಮಾಡೋಕೆ ನಾಳೆ ಚಿಕ್ಕಮಗಳೂರಿಗೆ ಹೊರಟಿದೀನಿ. ಇವತ್ತು ಸಂಜೆ ಇದೇ ದಾರೀಲಿ ವಾಪಸ್ ಬರ್ತೀನಿ. ತಪ್ಪು ಮಾನಿಟರಿಂದೇ ಅಂತ ತೋರಿಸು, ಮಗನ ಮದುವೆನೂ ನಿನಗೇ. ತೋರಿಸ್ಲಿಲ್ಲ ಅಂದ್ರೆ ನೀನು ರೇಷನ್ ಕಾರ್ಡಿಗೆ ಫೋಟೋ ತೆಗೀತಾ ಇರು.”

ಅವರ ಜೀಪು ಹೋದ ಮೇಲೂ ಆ ಮಾತು ಅಂಗಡಿಯಲ್ಲೇ ನಿಂತಿತ್ತು. ಬೆಳ್ಳಿಯಪ್ಪನವರ ಮನೆಯ ಮದುವೆಗೆ ಸುತ್ತಲಿನ ಎಸ್ಟೇಟಿನವರೆಲ್ಲ ಬರುತ್ತಾರೆ. ಅಲ್ಲಿ ಯಾರ ಫ್ಲಾಶ್ ಮಿಂಚುತ್ತದೋ ಅವರಿಗೆ ಆ ವರ್ಷದ ಮದುವೆಗಳೆಲ್ಲ ಸಿಗುತ್ತವೆ. ಉಳಿದವರು ರೇಷನ್ ಕಾರ್ಡನ್ನೇ ನೆಚ್ಚಿಕೊಳ್ಳಬೇಕು.

ಸಿಟ್ಟು ಬಂದವನಿಗೆ ಮೊದಲು ಬೇಕಾಗುವುದು ಒಬ್ಬ ಎದುರಾಳಿ. ದಾಮೋದರ ಮೂಡಿಗೆರೆಗೆ ಫೋನ್ ಮಾಡಿದ.

“ನಿಮ್ಮ ಮಾನಿಟರನ್ನ ಚಾರ್ಮಾಡಿ ಘಾಟಿಯಿಂದ ಕೆಳಗೆ ಎಸೀತೀನಿ!”

“ಯಾರು, ದಾಮೋದರಣ್ಣನಾ?” ದಿಲೀಪನ ಸ್ವರ ತಂಪಾಗಿತ್ತು. ಅವನು ಎಂದೂ ಸಿಟ್ಟಾಗುತ್ತಿರಲಿಲ್ಲ. ದಾಮೋದರನಿಗೆ ಇನ್ನೂ ಸಿಟ್ಟು ಬರುತ್ತಿದ್ದದ್ದು ಅದಕ್ಕೇ. “ಎಸೆದ್ರೆ ವಾರಂಟಿ ಹೋಗುತ್ತೆ ಮಾರಾಯ್ರೆ. ಎಂತ ಆಯ್ತು ಹೇಳಿ.”

“ಐನೂರು ಅಂತ ಬರೆದಿದೆ. ಐವತ್ತೂ ಇಲ್ಲ!”

“ಅಳೆದು ನೋಡಿದ್ರಾ?”

“ಕಣ್ಣಿಲ್ವಾ ನನಗೆ?”

“ಕಣ್ಣಿನ ಲೆಕ್ಕ ಕಂಪನಿಯವರು ಒಪ್ಪಲ್ಲ. ಅಳೆದು ತೋರಿಸಿ, ಬೇರೆ ಮಾನಿಟರ್ ಕೊಡ್ತೀನಿ. ಆದ್ರೆ ಬದಲಿ ಕೊಡೋಕೆ ಇವತ್ತೇ ಕಡೇ ದಿನ. ಸಂಜೆ ಕಳಸಕ್ಕೆ ಹೋಗ್ತಾ ನಿಮ್ಮಲ್ಲಿ ನಿಲ್ತೀನಿ, ಆಯ್ತಾ?”

ಅಳೆಯುವ ಯಂತ್ರ ಕೊಟ್ಟಿಗೆಹಾರದಲ್ಲಿ ಎಲ್ಲಿಂದ ಬರಬೇಕು? ಆದರೆ ಸಿಟ್ಟು ಬಂದಾಗ ದಾಮೋದರನ ತಲೆ ಚುರುಕಾಗುತ್ತಿತ್ತು. ಕ್ಯಾಮೆರಾ ಇದೆಯಲ್ಲ! ಪರದೆಯ ಅರ್ಧಕ್ಕೆ ಬಿಳಿ, ಅರ್ಧಕ್ಕೆ ಕಪ್ಪು ಹಾಕುವುದು. ಎರಡೂ ಒಂದೇ ಫೋಟೋದಲ್ಲಿದ್ದರೆ ನಡುವೆ ಏನೋ ಕೈಚಳಕ ಮಾಡಿದೆ ಎಂದು ದಿಲೀಪ ತಗಾದೆ ತೆಗೆಯುವಂತಿಲ್ಲ. ಬಿಳಿ ಭಾಗ ಫೋಟೋದಲ್ಲಿ ಹದವಾದ ಬೂದುಬಣ್ಣಕ್ಕೆ ಬರಲು ಕ್ಯಾಮೆರಾ ಎಷ್ಟು ಹೊತ್ತು ಕಣ್ಣು ತೆರೆದಿರಬೇಕು? ಕಪ್ಪು ಭಾಗ ಅದೇ ಬೂದುಬಣ್ಣಕ್ಕೆ ಬರಲು ಎಷ್ಟು ಹೊತ್ತು? ಎರಡನೆಯದು ಮೊದಲನೆಯದರ ಎಷ್ಟು ಪಟ್ಟೋ ಅದೇ ಕಾಂಟ್ರಾಸ್ಟ್. ಇದಕ್ಕೆ ಬೇಕಾದದ್ದು ಎರಡೇ: ಕ್ಯಾಮೆರಾ ಮತ್ತು ಗಟ್ಟಿ ಕತ್ತಲೆ.

ಎರಡೂ ಪಕ್ಕದ ಹೋಟೆಲಿನ ಮಾರಯ್ಯನ ವಶದಲ್ಲಿದ್ದವು.

ಕೊಟ್ಟಿಗೆಹಾರದ ಮಳೆಗೆ ಬೆಲ್ಟು, ಚಪ್ಪಲಿ, ದೇವರ ಪಟ ಯಾವುದನ್ನೂ ಬೂಷ್ಟು ಬಿಡುವುದಿಲ್ಲ. ಕ್ಯಾಮೆರಾದ ಲೆನ್ಸಿನೊಳಗೂ ಜೇಡನ ಬಲೆಯಂತೆ ಹಬ್ಬುತ್ತದೆ. ಆದ್ದರಿಂದ ಬೆಲೆಬಾಳುವುದನ್ನೆಲ್ಲ ಒಲೆಯ ಮೇಲೆ ತೂಗುಹಾಕುವುದು ಅಲ್ಲಿನ ರೂಢಿ. ಬೆಳಗಿನಿಂದ ರಾತ್ರಿಯವರೆಗೆ ಆರದೆ ಇರುವ ಒಲೆ ಮಾರಯ್ಯನದೊಂದೇ. ಅದರ ಮೇಲಿನ ಕೊಕ್ಕೆಗಳಲ್ಲಿ ಜೀಪು ಡ್ರೈವರುಗಳ ಕಾಲುಚೀಲ, ಯಾರದೋ ಎಸ್ಸೆಸ್ಸೆಲ್ಸಿ ಸರ್ಟಿಫಿಕೇಟು, ಒಣಮೆಣಸಿನ ಗಂಟು, ಇವುಗಳ ನಡುವೆ ಹೋದ ಮಳೆಗಾಲದಿಂದ ದಾಮೋದರನ ಕ್ಯಾಮೆರಾ. ಶಾಖ ಒಳಗೂ ತಾಗಲಿ ಎಂದು ಅದರ ಮುಚ್ಚಳ ಬೇರೆ ತೆಗೆದಿರುತ್ತಿದ್ದ. “ಬಾಳೂರಿನ ಫೋಟೋದವನ ಲೆನ್ಸು ಬೂಷ್ಟು ಹಿಡಿದು ಹೋಯ್ತು. ನಂದರಲ್ಲಿ ಒಂದು ಚುಕ್ಕೆ ತೋರಿಸಿ ನೋಡುವ,” ಎಂದು ಜಂಬದಿಂದ ಹೇಳುತ್ತಿದ್ದ. ಕೆಲಸ ಕಲಿಸಿದ ಗುರುಗಳು ಲೆನ್ಸಿಗೆ ಬೆರಳು ಹಾಕುವುದೂ ಕಣ್ಣಿಗೆ ಬೆರಳು ಹಾಕುವುದೂ ಒಂದೇ ಎಂದಿದ್ದರು. ಆದ್ದರಿಂದ ಲೆನ್ಸು ಅವನಿಗೆ ಮಡಿ. ಯಾರೂ ಮುಟ್ಟುವಂತಿಲ್ಲ, ತಾನೂ ಮುಟ್ಟುವುದಿಲ್ಲ.

ಕೊಕ್ಕೆಗೆ ಪ್ರತಿಯಾಗಿ ಅವನು ಮಾರಯ್ಯನಿಗೆ ತನ್ನ ಡಾರ್ಕ್‌ರೂಮನ್ನು ಬಿಟ್ಟುಕೊಟ್ಟಿದ್ದ. ಡಿಜಿಟಲ್ ಬಂದ ಮೇಲೆ ಕತ್ತಲೆಗೆ ಕೆಲಸವಿರಲಿಲ್ಲ. ಈಗ ಅಲ್ಲಿ ಈರುಳ್ಳಿ ಮೂಟೆಗಳಿದ್ದವು.

ದಾಮೋದರ ಎರಡು ಮೂಟೆಗಳನ್ನು ಸರಿಸಿ, ಮೂರನೆಯದರ ಮೇಲೆ ಹಲಗೆ ಇಟ್ಟು ಮಾನಿಟರನ್ನು ಕೂರಿಸಿದ. ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಬಿಗಿದ. ಬಾಗಿಲು ಮುಚ್ಚಿದಾಗ ಬಸ್ಸುಗಳ ಹಾರ್ನು, ಮಳೆ, ಬೆಳ್ಳಿಯಪ್ಪನವರ ಮಾತು ಎಲ್ಲ ಹೊರಗುಳಿದವು. ಫಿಲ್ಮಿನ ಕಾಲದಲ್ಲಿ ಅವನು ಇಲ್ಲಿ ಗಂಟೆಗಟ್ಟಲೆ ಒಬ್ಬನೇ ನಿಲ್ಲುತ್ತಿದ್ದ. ಆಗ ಅವನಿಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಆ ನೆನಪು ಬಂದು ಒಂದು ಕ್ಷಣ ಎದೆ ಹಗುರಾಯಿತು.

ಬಿಳಿ ಭಾಗಕ್ಕೆ ಸೆಕೆಂಡಿನ ಮೂವತ್ತನೇ ಒಂದು ಪಾಲು ಸಾಕಾಯಿತು. ಇನ್ನು ಕಪ್ಪು. ಗುಂಡಿ ಒತ್ತಿದ. ಬಾಗಿಲು ಧಡಾರೆಂದು ತೆರೆಯಿತು.

“ಅಯ್ಯೋ ದೇವ್ರೇ! ದಾಮೋದರಣ್ಣ, ಕತ್ತಲೇಲಿ ಎಂತ ಮಾಡ್ತಿದ್ದೀರಿ?” ಹೋಟೆಲಿನ ಅಡುಗೆಯ ಭಾಗಮ್ಮ ಬುಟ್ಟಿ ಹಿಡಿದು ನಿಂತಿದ್ದಳು.

“ಬಾಗಿಲು ಹಾಕಿ! ಬೆಳಕು ಬಂತು! ಎಲ್ಲ ಹಾಳಾಯ್ತು!”

“ಬೆಳಕು ಬಂದ್ರೆ ಹಾಳಾಗೋದು ಎಂತದಪ್ಪ? ನಂಗೆ ಈರುಳ್ಳಿ ಬೇಕು. ಧರ್ಮಸ್ಥಳದ ಬಸ್ಸು ಬಂದು ನಿಂತಿದೆ, ಎಲ್ಲರಿಗೂ ಬಜ್ಜಿ ಬೇಕಂತೆ.” ಅವಳು ಪರದೆಯನ್ನು ಇಣುಕಿದಳು. “ಇದೆಂತ, ಒಂದು ಮಗ್ಗುಲು ಸೀದ ರೊಟ್ಟಿ ತರ ಇದೆ?”

“ಹೊರಗೆ ಹೋಗಿ!”

“ಹೋಗ್ತೀನಪ್ಪ. ಈರುಳ್ಳಿ ಮೇಲೆ ಕೂತವನಿಗೆ ಕಣ್ಣಲ್ಲಿ ನೀರು ಬರ್ಬೇಕು, ಇವ್ರಿಗೆ ಬೆಂಕಿ ಬರ್ತದೆ.”

ಒಳಚಿಲಕ ಎಂದೋ ತುಕ್ಕು ಹಿಡಿದು ಉದುರಿತ್ತು. ದಾಮೋದರ ಬಾಗಿಲಿಗೆ ಒಂದು ಮೂಟೆ ಅಡ್ಡ ಇಟ್ಟು ಮತ್ತೆ ಶುರುಮಾಡಿದ. ಭಾಗಮ್ಮನ ತೋಳಿನ ಎದುರು ಆ ಮೂಟೆಯದೇನೂ ನಡೆಯಲಿಲ್ಲ. ಎರಡನೇ ಬಸ್ಸಿಗೆ ಎರಡನೇ ಸಲ, ಮೂರನೇ ಬಸ್ಸಿಗೆ ಮೂರನೇ ಸಲ ಬಂದಳು. ಮೂರನೇ ಸಲ ದಾಮೋದರ ಕೂಗಿದ ಕೂಗು ಹೋಟೆಲಿನೊಳಗೆ ಕೂತವರಿಗೂ ಕೇಳಿಸಿ, ಯಾತ್ರಿಕರೊಬ್ಬರು “ಗೋವಿಂದಾ” ಎಂದು ದನಿಗೂಡಿಸಿದರಂತೆ.

ಆ ಕೂಗಿಗೆ ಮಾರಯ್ಯನೇ ಬಂದ. ಬುದ್ಧಿ ಹೇಳಲು ಬಂದವನು, ವಿಷಯ ಕೇಳಿ ಅಲ್ಲೇ ಕೂತ.

“ಅಂದ್ರೆ ಇದು ಕಾಫಿಗೆ ಔಟ್‌ಟರ್ನ್ ತೆಗೆದಂಗೆ ಅನ್ನು. ಚೀಲದಲ್ಲಿ ಇಷ್ಟು ಬೀಜ ಇದೆ ಅಂತ ಅವ್ರು ಹೇಳೋದು, ಸಿಪ್ಪೆ ಸುಲಿದು ನಿಜವಾಗಿ ಎಷ್ಟಿದೆ ಅಂತ ನಾವು ನೋಡೋದು.”

“ಹೌದು ಮಾರಯ್ಯಣ್ಣ. ಈಗ ಸುಮ್ನೆ ಕೂತ್ಕೊಳ್ಳಿ.”

“ಹಂಗಾದ್ರೆ ಎರಡೂ ಕಡೆಯವರು ಎದುರಿಗೆ ಇರ್ಬೇಕು ಮಾರಾಯ. ಸಾಕ್ಷಿ ಇಲ್ದೆ ಸ್ಯಾಂಪಲ್ ತೆಗೀಬಾರ್ದು.”

“ಸುಮ್ನೆ ಕೂತ್ಕೊಳ್ಳಿ ಅಂದೆ!”

ಮಾರಯ್ಯ ಸುಮ್ಮನೆ ಕೂತ. ಆದರೆ ಮುಂದಿನ ಫೋಟೋದ ಕಪ್ಪು ಭಾಗದ ನಟ್ಟನಡುವೆ ಒಂದು ಕೆಂಪು ಚುಕ್ಕೆ ಮೂಡಿತ್ತು. ದಾಮೋದರ ಅದನ್ನೇ ನೋಡಿದ. ಕಂಪನಿಯ ಯಾವುದೋ ಗುಟ್ಟು ಬಯಲಾಯಿತೆಂದು ಹಿಗ್ಗಿದ. ಆಮೇಲೆ ಮೂಗಿಗೆ ವಾಸನೆ ಬಂತು.

“ಬೀಡಿ ಆರಿಸಿ!”

“ಒಂದು ಬೀಡಿ ಬೆಳಕಿಗೂ ಹೆದರೋ ಮಾನಿಟರಾ?”

ಬೀಡಿ ಆರಿತು. ಅದರ ಬೆನ್ನಿಗೇ ಕರೆಂಟೂ ಹೋಯಿತು. ಯುಪಿಎಸ್ಸು ಹಸಿದ ಹಕ್ಕಿಮರಿಯಂತೆ ಕೀಂ ಕೀಂ ಎಂದು ಕೂಗಿ ಕೂಗಿ ಸತ್ತಿತು. ಅದೂ ದಿಲೀಪನ ಅಂಗಡಿಯದೇ. ಈಗ ಬೇಕಾದ್ದಕ್ಕಿಂತ ಹೆಚ್ಚು ಕತ್ತಲೆಯಿತ್ತು, ಅಳೆಯಲು ಏನೂ ಇರಲಿಲ್ಲ. ದಾಮೋದರ ಆ ಕತ್ತಲೆಯಲ್ಲಿ ನಿಂತು ಕರೆಂಟಿನವರನ್ನು, ದಿಲೀಪನನ್ನು, ಬೆಳ್ಳಿಯಪ್ಪನವರ ಅಳಿಯನ ಕೋಟು ಹೊಲಿದ ದರ್ಜಿಯನ್ನು ಬಾಯಿಗೆ ಬಂದಂತೆ ಬೈದ. ಬೈದು ಮುಗಿದಾಗ, ಎಷ್ಟು ಹೊತ್ತಿನಿಂದ ಉತ್ತರ ಕೊಡುವವರೇ ಇರಲಿಲ್ಲ ಎಂಬುದು ಗಮನಕ್ಕೆ ಬಂತು. ಮಾರಯ್ಯ ಆಗಲೇ ಎದ್ದುಹೋಗಿದ್ದ.

ಊಟದ ಹೊತ್ತು ಕಳೆದು ಕರೆಂಟು ಬಂತು. ಘಾಟಿಯಲ್ಲಿ ಮರ ಬಿದ್ದು ಬಸ್ಸುಗಳು ನಿಂತಿದ್ದರಿಂದ ಬಜ್ಜಿಗೆ ಗಿರಾಕಿಯಿರಲಿಲ್ಲ, ಬಾಗಿಲು ತೆರೆಯಲಿಲ್ಲ. ಕಪ್ಪು ಭಾಗ ಬೂದುಬಣ್ಣಕ್ಕೆ ಬರಲು ಬೇಕಾದದ್ದು ಒಂದೂ ಕಾಲು ಸೆಕೆಂಡಿಗಿಂತ ಚೂರು ಹೆಚ್ಚು. ದಾಮೋದರ ಲೆಕ್ಕ ಹಾಕಿದ. ಮತ್ತೆ ಹಾಕಿದ.

ನಲವತ್ತು!

ರೋಸ್ಟರಿನಲ್ಲಿ ಮರೆತ ಕಾಫಿಬೀಜದಂತೆ ಕಂದಿದ್ದ ಅವನ ಮುಖ ಅರಳಿತು. ಹೋಟೆಲಿಗೆ ನುಗ್ಗಿ ಮೇಜು ಗುದ್ದಿದ. “ನಲವತ್ತು! ಐನೂರು ಅಂತ ಬರೆದು ನಲವತ್ತು!”

“ನಲವತ್ತಾ?” ಮಾರಯ್ಯ ಸೌಟು ಕೆಳಗಿಟ್ಟ. “ಥೂ! ಕಾಫಿ ವ್ಯಾಪಾರಿಗಳೂ ಇಷ್ಟು ಹೊಡೆಯಲ್ಲ ಮಾರಾಯ!”

ಟೀ ಕುಡಿಯುತ್ತಿದ್ದವರೆಲ್ಲ ಸಿಟ್ಟಾದರು. ತೂಕದಲ್ಲಿ, ತೇವದಲ್ಲಿ ಒಂದಲ್ಲ ಒಂದು ಸಲ ಮೋಸ ಹೋಗದವರು ಅಲ್ಲಿ ಯಾರಿದ್ದರು? ಅವರ ಸಿಟ್ಟು ಕಂಡು ದಾಮೋದರನಿಗೆ ಇನ್ನೂ ಹುಮ್ಮಸ್ಸು ಬಂತು.

“ಯಾರ್‍ಯಾರ ಫೋಟೋ ಮಂಕಾಗಿದೆಯೋ ಎಲ್ಲ ಆಲ್ಬಮ್ಮು ತನ್ನಿ! ಸಂಜೆ ಆ ದಿಲೀಪನ ಎದುರಿಗೇ ರಾಶಿ ಹಾಕುವ! ಒಬ್ಬೊಬ್ಬರಿಗೂ ಅವನೇ ಉತ್ತರ ಕೊಡ್ಲಿ!”

“ನಂದೂ ತರ್ಲಾ?” ಎಂದಳು ಭಾಗಮ್ಮ. “ಮೊಮ್ಮಗಳ ನಾಮಕರಣದ್ದು. ಮಗು ಕಣ್ಣಿಗೆ ಅಷ್ಟು ಕಾಡಿಗೆ ಹಚ್ಚಿದ್ದೆ, ಫೋಟೋದಲ್ಲಿ ಒಂದು ಚೂರೂ ಇಲ್ಲ.”

“ತನ್ನಿ ಭಾಗಮ್ಮ! ಮೊದಲು ನಿಮ್ಮದೇ ಇಡುವ!”

ಸಂಜೆ ದಿಲೀಪನ ಜೀಪು ಬಂದು ನಿಂತಾಗ ಡಾರ್ಕ್‌ರೂಮಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೂಟೆಗಳ ಮೇಲೆ ಸಾಲಾಗಿ ಜನ, ಪ್ರತಿಯೊಬ್ಬರ ಮಡಿಲಲ್ಲಿ ಒಂದು ಆಲ್ಬಮ್ಮು. ಬೆಳ್ಳಿಯಪ್ಪನವರಿಗೆ ಮಾತ್ರ ಕುರ್ಚಿ. ದಿಲೀಪ ಕೊಡೆ ಮಡಚಿ ಎಲ್ಲರಿಗೂ ನಮಸ್ಕಾರ ಮಾಡಿದ. ಯಾರೂ ತಿರುಗಿ ಮಾಡಲಿಲ್ಲ.

ಬಾಗಿಲು ಮುಚ್ಚಿತು. ಎಲ್ಲರ ಎದುರಿಗೆ ದಾಮೋದರ ಮತ್ತೆ ಅಳೆದ. ಬಿಳಿಗೆ ಅಷ್ಟು, ಕಪ್ಪಿಗೆ ಇಷ್ಟು. ನಲವತ್ತು.

“ಎಂತ ಹೇಳ್ತೀರಿ ಈಗ?” ದಾಮೋದರ ಕತ್ತಲೆಯಲ್ಲೇ ದಿಲೀಪನತ್ತ ತಿರುಗಿದ. “ನನ್ನ ಹೆಸರು ಹಾಳು ಮಾಡಿದ್ರಲ್ಲ! ಮದುಮಗಳ ತಲೆಗೆ ಬೂದಿ ಸುರಿದ್ರಲ್ಲ! ನಗುತ್ತಾ ನಗುತ್ತಾ ಕತ್ತು ಕೊಯ್ಯೋ ಜನ ನೀವು!”

“ಉತ್ತರ ಕೊಡಿ,” ಎಂದರು ಬೆಳ್ಳಿಯಪ್ಪನವರು. “ಐನೂರು ಎಲ್ಲಿ, ನಲವತ್ತು ಎಲ್ಲಿ?”

ದಿಲೀಪ ದೀಪ ಹಾಕಿಸಿ, ಪಕ್ಕದಲ್ಲಿದ್ದ ಭಾಗಮ್ಮನ ಮಡಿಲಿನಿಂದ ಆಲ್ಬಮ್ಮು ತೆಗೆದುಕೊಂಡು ಒಂದೊಂದೇ ಹಾಳೆ ತಿರುವಿದ. ಅವನ ಬಗ್ಗಿದ ತಲೆ ತಪ್ಪೊಪ್ಪಿಗೆಯಂತೆ ಕಂಡು ದಾಮೋದರ ಎದೆಯುಬ್ಬಿಸಿ ನಿಂತ. ದಿನವಿಡೀ ಇದಕ್ಕಾಗಿಯೇ ಕಾದಿದ್ದ.

“ಭಾಗಮ್ಮ, ನಾಮಕರಣ ಆದದ್ದು ಯಾವಾಗ?”

“ಯುಗಾದಿ ಆಗಿ ಮಾರನೇ ದಿನ. ಆಲ್ಬಮ್ಮು ಹದಿನೈದು ದಿನದಲ್ಲಿ ಕೊಟ್ರು.”

“ನಾನು ಈ ಮಾನಿಟರ್ ಕೊಟ್ಟಿದ್ದು ಮೇ ತಿಂಗಳಲ್ಲಿ,” ಎಂದ ದಿಲೀಪ. “ಆಗ ದಾಮೋದರಣ್ಣನ ಹತ್ರ ಹಳೇ ದಪ್ಪ ಡಬ್ಬ ಇತ್ತು. ಈ ಮಗು ಕಾಡಿಗೆ ಅಳಿಸಿದ್ದು ಯಾರು?”

ಮೂಟೆಗಳ ಮೇಲೆ ಜನ ಅತ್ತಿತ್ತ ಸರಿದ ಸದ್ದು.

“ಕ್ಯಾಮೆರಾ ಒಂಚೂರು ಕೊಡಿ.”

ಕೊಡುವ ಮೊದಲೇ ಅದು ದಿಲೀಪನ ಕೈಯಲ್ಲಿತ್ತು. ಅವನು ಟಾರ್ಚು ಹಾಕಿ ಲೆನ್ಸನ್ನು ನೋಡಿದ. ಗಾಜು ಹೊಳೆಯಬೇಕಿದ್ದ ಕಡೆ ತಣ್ಣಗಾದ ಸಾರಿನ ಮೇಲೆ ಕಟ್ಟಿದಂಥ ಒಂದು ಕೆನೆಯಿತ್ತು. ಜೇಬಿನಿಂದ ಕರವಸ್ತ್ರ ತೆಗೆದ.

“ಮುಟ್ಟಬೇಡಿ!” ದಾಮೋದರ ಕಿರುಚಿದ. “ಲೆನ್ಸು ಮುಟ್ಟಬಾರದು!”

ದಿಲೀಪ ಬಾಯಿಂದ ಹಬೆ ಬಿಟ್ಟು, ಗುಂಡಗೆ ಒರೆಸಿ, ಕರವಸ್ತ್ರವನ್ನು ಬಿಡಿಸಿ ತೋರಿಸಿದ. ಬಿಳಿ ಬಟ್ಟೆಯ ಮೇಲೆ ಕಂದು ಜಿಡ್ಡು. ಮೂಸಿ ನೋಡಿ ಹುಬ್ಬು ಗಂಟಿಕ್ಕಿದ. ಭಾಗಮ್ಮ ಅದನ್ನು ಕಸಿದು ತಾನೂ ಮೂಸಿದಳು. ಅವಳ ಮುಖ ಅರಳಿತು.

“ನಮ್ಮ ಬಜ್ಜಿ!”

“ಒಲೆ ಮೇಲೆ ಕಟ್ಟಿದ್ದಲ್ವಾ,” ಎಂದ ಮಾರಯ್ಯ, ಇದರಲ್ಲಿ ಮುಚ್ಚಿಡುವಂಥದ್ದೇನೂ ಕಾಣದೆ. “ಒಂದು ಚುಕ್ಕೆ ಬೂಷ್ಟು ಬರದಂಗೆ ನೋಡ್ಕೊಂಡಿದೀವಿ.”

“ಘಾಟಿಯ ಮಂಜಲ್ಲಿ ಜೀಪಿನ ದೊಡ್ಡ ಲೈಟ್ ಹಾಕಿದ್ರೆ ಎಂತ ಆಗುತ್ತೆ?” ದಿಲೀಪ ಎಲ್ಲರನ್ನೂ ಕೇಳಿದ. “ಎದುರಿಗಿರೋದೆಲ್ಲ ಬೆಳ್ಳಗಾಗುತ್ತೆ. ಇಲ್ಲೂ ಅಷ್ಟೇ. ಬಿಳಿ ಭಾಗದ ಬೆಳಕು ಈ ಜಿಡ್ಡಲ್ಲಿ ಹರಡಿ ಕಪ್ಪಿನ ಮೇಲೆ ಬಿದ್ದಿದೆ. ಈಗ ಅಳೀರಿ ದಾಮೋದರಣ್ಣ.”

ಬಾಗಿಲು ಮತ್ತೆ ಮುಚ್ಚಿತು. ಬಿಳಿಗೆ ಮೊದಲಿನಷ್ಟೇ ಹೊತ್ತು. ಕಪ್ಪಿಗೆ ಒಂದೂ ಕಾಲು ಸೆಕೆಂಡ್ ಕೊಟ್ಟ. ಕಪ್ಪು ಕಪ್ಪಾಗಿಯೇ ಇತ್ತು. ಎರಡು ಕೊಟ್ಟ. ಕಪ್ಪು. ನಾಲ್ಕು. ಅಳಿಯನ ಕೋಟಿನಂತೆ, ಮಗುವಿನ ಕಾಡಿಗೆಯಂತೆ, ಹೊಚ್ಚ ಕಪ್ಪು. ಎಂಟು ಕೊಟ್ಟಾಗ ಚೂರು ಸಡಿಲಿತು. ಕೊನೆಗೆ ಹದಿನೈದು ಸೆಕೆಂಡ್. ಕ್ಯಾಮೆರಾ ಕಣ್ಣು ತೆರೆದು ನಿಂತಿತು. ಯಾರೂ ಕೆಮ್ಮಲಿಲ್ಲ. ಅಷ್ಟು ಜನ ಕೂಡಿ ಅಷ್ಟು ಸುಮ್ಮನೆ ಕೂತದ್ದನ್ನು ಕೊಟ್ಟಿಗೆಹಾರ ಕಂಡಿರಲಿಲ್ಲ. ಬೆಳಗಿನಿಂದ ದಾಮೋದರ ಕಾಡಿ ಬೇಡಿದ್ದು ಇದೇ ಕತ್ತಲೆ, ಇದೇ ಮೌನ. ಅದು ಸಿಕ್ಕಿತ್ತು, ಮುಗಿಯುತ್ತಲೇ ಇರಲಿಲ್ಲ.

ಕಟಕ್ ಎಂದು ಕಣ್ಣು ಮುಚ್ಚಿತು.

“ಎಷ್ಟು?” ಎಂದರು ಬೆಳ್ಳಿಯಪ್ಪನವರು.

“ನಾನೂರೈವತ್ತು,” ಎಂದ ದಾಮೋದರ, ತನಗೇ ಕೇಳಿಸದ ಹಾಗೆ.

“ಐವತ್ತು ಕಮ್ಮಿ ಇದೆಯಲ್ಲ!” ಮಾರಯ್ಯ ಸ್ನೇಹಧರ್ಮ ಬಿಡಲಿಲ್ಲ.

“ಇನ್ನೊಂದ್ಸಲ ಒರೆಸ್ಲಾ?” ಎಂದ ದಿಲೀಪ.

ಯಾರೋ ಬಾಗಿಲು ತೆರೆದರು. ಬೆಳಕಿನಲ್ಲಿ ದಾಮೋದರನಿಗೆ ಕಂಡದ್ದು ಸಾಲಾಗಿ ಕೂತ ಜನ ಮತ್ತು ಅವರ ಮಡಿಲಿನ ಆಲ್ಬಮ್ಮುಗಳು. ಎಲ್ಲವನ್ನೂ ಅವನೇ ತರಿಸಿದ್ದ. ಒಬ್ಬೊಬ್ಬರಿಗೂ ಉತ್ತರ ಕೊಡಬೇಕೆಂದು ಅವನೇ ಹೇಳಿದ್ದ. ಅವರು ಒಬ್ಬೊಬ್ಬರಾಗಿ ಎದ್ದು, ಆಲ್ಬಮ್ಮುಗಳನ್ನು ಅವನ ಕಾಲ ಬಳಿ ರಾಶಿ ಹಾಕಿ ಹೊರಟರು. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

ಬೆಳ್ಳಿಯಪ್ಪನವರು ಎದ್ದು ಪಂಚೆ ಕೊಡವಿಕೊಂಡರು. ದಿಲೀಪನತ್ತ ತಿರುಗಿದರು.

“ನಿಮಗೆ ಫೋಟೋ ತೆಗೆಯೋಕೆ ಬರುತ್ತಾ?”

“ಫೋಟೋ ಅಷ್ಟಾಗಿ ಬರಲ್ಲ ಸಾರ್. ಲೆನ್ಸ್ ಒರೆಸೋಕೆ ಬರುತ್ತೆ.”

“ಅಷ್ಟು ಸಾಕು. ಶ್ರಾವಣದಲ್ಲಿ ಮಗನ ಮದುವೆ. ಬನ್ನಿ, ಟೀ ಕುಡೀತಾ ಮಾತಾಡುವ.”

ಅವರು ಹೋದರು. ದಾಮೋದರ ಈರುಳ್ಳಿ ಮೂಟೆಯ ಮೇಲೆ ಕೂತ. ಮಾನಿಟರಿನ ಅರ್ಧ ಬೆಳ್ಳಗೆ, ಅರ್ಧ ಕಪ್ಪಗೆ ಉರಿಯುತ್ತಿತ್ತು. ಬೈಯಲು ಒಂದು ಹೆಸರಾದರೂ ಸಿಗುತ್ತದೆಯೇ ಎಂದು ಹುಡುಕಿದ. ಇದ್ದದ್ದು ಒಂದೇ ಹೆಸರು, ಅದನ್ನು ಎಷ್ಟೆಂದು ಬೈಯುವುದು?

ಘಾಟಿಯ ಮರ ತೆಗೆದಿದ್ದರೆಂದು ಕಾಣುತ್ತದೆ, ಹೊರಗೆ ಬಸ್ಸುಗಳ ಹಾರ್ನು ಕೇಳಿಸಿತು. ಸ್ವಲ್ಪ ಹೊತ್ತಿಗೆ ಭಾಗಮ್ಮ ಬುಟ್ಟಿ ಹಿಡಿದು ಬಂದಳು. ಬಾಗಿಲಲ್ಲೇ ನಿಂತು, ಬೈಗುಳಕ್ಕೆ ಕಾದಳು. ಬರಲಿಲ್ಲ.

“ದಾಮೋದರಣ್ಣ, ಈರುಳ್ಳಿ ತಗೊಳ್ಲಾ?”

“ತಗೊಳ್ಳಿ.”

ಅವಳು ಬುಟ್ಟಿ ತುಂಬಿಕೊಂಡು ಎದ್ದಳು. ಅವನ ಮುಖ ನೋಡಿ ಮನಸ್ಸು ಕರಗಿತೋ ಏನೋ, ಇನ್ನೊಂದು ಕೈ ಚಾಚಿದಳು.

“ಮಳೆ ಜೋರಾಯ್ತು. ಕ್ಯಾಮೆರಾ ಕೊಡಿ, ಥಂಡಿ ಹಿಡೀತದೆ.”

ದಾಮೋದರ ಬೇರೇನೋ ಯೋಚಿಸುತ್ತಿದ್ದ. ಅವನ ಕೈ, ದಿನವೂ ಮಾಡುವಂತೆ, ಮುಚ್ಚಳ ತೆಗೆದು ಕ್ಯಾಮೆರಾವನ್ನು ಅವಳ ಕೈಗಿತ್ತಿತು.